ಹೈಸ್ಕೂಲಿನ ಕಂಪ್ಯೂಟರ್ ಪಾಠ: ಡಬ್ಬ ಬಂತು, ಮೇಷ್ಟ್ರು ಎಲ್ಲಿ?

ಇಲ್ಲಿ ಯೆರವಡಾದ ಐಟಿ ಪಾರ್ಕುಗಳಲ್ಲಿ ನಮ್ಮ ಕಡೆಯವರು ಯಾರೇ ಸಿಕ್ಕರೂ ನಾನು ಕೇಳೋ ಪ್ರಶ್ನೆ ಒಂದೇ: ಮೊದಲು ಕಂಪ್ಯೂಟರ್ ಮುಟ್ಟಿದ್ದು ಯಾವ ಕ್ಲಾಸಲ್ಲಿ? ಕಾನ್ವೆಂಟಿನಲ್ಲಿ ಓದಿದವರು "ಐದನೇ ಕ್ಲಾಸು" ಅಂತಾರೆ. ಸರ್ಕಾರಿ ಶಾಲೆಯವರು ಎಷ್ಟೋ ಜನ "ಇಂಜಿನಿಯರಿಂಗ್ ಸೇರಿದ ಮೇಲೆ" ಅಂತಾರೆ. ಈ ಅಂತರದ ಇತಿಹಾಸವೇ ಇವತ್ತಿನ ಮಾತು.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ತರೋ ಮೊದಲ ದೊಡ್ಡ ಪ್ರಯತ್ನ 1984-85ರಲ್ಲಿ ಶುರುವಾದ ಕೇಂದ್ರದ 'ಕ್ಲಾಸ್' ಯೋಜನೆ. ಮೊದಲ ಕಂತಿನಲ್ಲಿ ಸುಮಾರು 250 ಶಾಲೆಗಳು. ಬಂದ ಯಂತ್ರ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ, ಮೆಮೊರಿ 32 ಕಿಲೋಬೈಟ್. ನಾವು ವಾಟ್ಸಾಪಲ್ಲಿ ಕಳಿಸೋ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸೋದು ಕಷ್ಟ. ಸ್ವಿಚ್ ಹಾಕಿದ್ರೆ ನೇರವಾಗಿ ಬೇಸಿಕ್ ಭಾಷೆ ಎದುರಿಗೆ ಬರ್ತಿತ್ತು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಹೊಸಬರಿಗೋಸ್ಕರವೇ ಮಾಡಿದ ಭಾಷೆ ಅದು.

ಆಟಿಕೆ ಅನ್ಕೋಬೇಡಿ. ಅದೇ ಏಕಾರ್ನ್‌ನ ಸೋಫೀ ವಿಲ್ಸನ್ ಹೊಸ ಪ್ರೊಸೆಸರಿನ ವಿನ್ಯಾಸವನ್ನ ಮೊದಲು ಬಿಬಿಸಿ ಬೇಸಿಕ್‌ನಲ್ಲೇ ಬರೆದು ಪರೀಕ್ಷೆ ಮಾಡಿದ್ರು. 1985ರಲ್ಲಿ ಆ ಚಿಪ್ ತಯಾರಾಯ್ತು. ಅದೇ ಆರ್ಮ್, ನಿಮ್ಮ ಜೇಬಿನ ಫೋನಲ್ಲಿ ಇರೋದು ಅದರ ವಂಶದ್ದೇ. ಅಂದ್ರೆ ಯಂತ್ರಕ್ಕೆ ತಾಕತ್ತಿತ್ತು. ನಮ್ಮಲ್ಲಿ ಶಾಲೆಗೆ ಬೆರಳೆಣಿಕೆಯ ಕಂಪ್ಯೂಟರ್, ಪಾಠ ಇಂಗ್ಲಿಷಿನಲ್ಲಿ, ಕಲಿಸೋರಿಗೂ ವಿಷಯ ಹೊಸದು.

ಮುಂದೆ 2001ರ ಹೊತ್ತಿಗೆ ಎರಡು ರಾಜ್ಯಗಳು ಎರಡು ದಾರಿ ಹಿಡಿದವು. ಕರ್ನಾಟಕದ 'ಮಾಹಿತಿ ಸಿಂಧು' ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಲ್ಯಾಬ್ ಕೊಡ್ತು. ಯಂತ್ರ, ಕಲಿಸೋರು, ಎರಡೂ ಖಾಸಗಿ ಕಂಪನಿಗಳ ಗುತ್ತಿಗೆ. ಕೇರಳದ 'ಐಟಿ ಅಟ್ ಸ್ಕೂಲ್' ಶಾಲೆಯ ಮೇಷ್ಟ್ರುಗಳಿಗೇ ತರಬೇತಿ ಕೊಡ್ತು, ಆಮೇಲೆ ಸ್ವತಂತ್ರ ತಂತ್ರಾಂಶಕ್ಕೆ ಬದಲಾಯ್ತು. ಗುತ್ತಿಗೆ ಮುಗಿದ್ರೆ ಕಂಪನಿಯವರು ಹೊರಡ್ತಾರೆ. ಗಣಿತದ ಮೇಷ್ಟ್ರು ಕಲಿತಿದ್ದು ಶಾಲೆಯಲ್ಲೇ ಉಳಿಯುತ್ತೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ಎರಡನೇ ದಾರಿಯಲ್ಲಿ ಕಲಿತವರು, ಅವರಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕನ್ನಡದಲ್ಲಿ ಕಂಪ್ಯೂಟರ್ ಹೇಳಿಕೊಡೋಕೆ ಆಗಲ್ಲ ಅನ್ನೋರು ಒಮ್ಮೆ ಅದನ್ನ ತೆರೆದು ನೋಡಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ಕ್ಲಾಸಿನ ಹಂತದಲ್ಲೇ ಕೋಡಿಂಗ್ ಬೇಕು ಅಂತ ಹೇಳುತ್ತೆ. ಪುಣೆಯಲ್ಲಿರೋ ನಮ್ಮ ಮಕ್ಕಳಿಗೆ ಅದು ಹೇಗೂ ಸಿಗುತ್ತೆ: ಶಾಲೆ ಕೊಡದಿದ್ರೆ ಟ್ಯೂಷನ್, ಅದೂ ಇಲ್ಲದಿದ್ರೆ ನಾವೇ ಇದ್ದೀವಿ. ಊರಿನ ಪ್ರೌಢಶಾಲೆಯ ಮಗುವಿಗೆ ಆ ಒಂದು ಪೀರಿಯಡ್ ಬಿಟ್ರೆ ಬೇರೆ ದಾರಿ ಇಲ್ಲ.

ನಮ್ಮಲ್ಲಿ ಸುಮಾರು ಜನ ಊರಿನ ಶಾಲೆಗೆ ಹಳೇ ಲ್ಯಾಪ್‌ಟಾಪ್ ಕೊಡ್ತೀವಿ. ಒಳ್ಳೇದೇ. ಆದ್ರೆ ನಲವತ್ತು ವರ್ಷದ ಅನುಭವ ಹೇಳೋದು ಇಷ್ಟು: ಡಬ್ಬ ತಲುಪಿಸೋದು ಸುಲಭ. ಮುಂದಿನ ಸಲ ಊರಿಗೆ ಹೋದಾಗ ಲ್ಯಾಬಲ್ಲಿ ಎಷ್ಟು ಕಂಪ್ಯೂಟರ್ ಇದೆ ಅಂತ ಕೇಳೋ ಮುಂಚೆ, ಪಾಠ ಮಾಡೋರು ಯಾರು, ಅವರಿಗೆ ಏನು ಸಹಾಯ ಬೇಕು ಅಂತ ಕೇಳಿ. ಅವರ ಜೊತೆ ಎರಡು ದಿನ ಕೂತುಕೊಳ್ಳಿ.