ರಂಧ್ರಪತ್ರದಿಂದ ಗಣಕದ ಕೋಷ್ಟಕಕ್ಕೆ

ವ್ಯಾಪಾರ ಸಂಸ್ಥೆಯೊಂದರ ನೌಕರ ಗಣಕದ ಪರದೆಯ ಮೇಲಿನ ಕೋಷ್ಟಕದಲ್ಲಿ 'ಅಕ್ಕಿ' ಎಂಬ ವರ್ಗವನ್ನು ಆರಿಸಿದರೆ ಸಾಕು. ಬೇಳೆ, ಎಣ್ಣೆ, ಸಾಬೂನಿನ ಸಾಲುಗಳೆಲ್ಲ ಮರೆಯಾಗಿ ಅಕ್ಕಿಯ ಮಾರಾಟದ ಲೆಕ್ಕ ಮಾತ್ರ ಉಳಿಯುತ್ತದೆ. ಹೀಗೆ ವರ್ಗವಾರು ಸೋಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಯಂತ್ರಕ್ಕೆ ಒಪ್ಪಿಸಿದ್ದು ವ್ಯಾಪಾರಿಗಳಲ್ಲ, ಅಮೆರಿಕದ ಜನಗಣತಿ.

1880ರಲ್ಲಿ ಅಲ್ಲಿ ಸುಮಾರು 5 ಕೋಟಿ ಜನರ ವಿವರ ಸಂಗ್ರಹವಾಯಿತು. ಗುಮಾಸ್ತರು ಗೆರೆ ಎಳೆದು ಎಣಿಸಿ ಕೋಷ್ಟಕಗಳನ್ನು ಮುಗಿಸುವಷ್ಟರಲ್ಲಿ ಏಳೆಂಟು ವರ್ಷಗಳೇ ಕಳೆದವು. ತಲೆ ಎಣಿಸುವುದು ಕಷ್ಟವಲ್ಲ. ವಿದೇಶದಲ್ಲಿ ಹುಟ್ಟಿದ ವಿವಾಹಿತ ಸ್ತ್ರೀಯರೆಷ್ಟು ಎಂದು ಕೇಳಿದರೆ ಮಾತ್ರ ಹಾಳೆಗಳನ್ನೆಲ್ಲ ಮತ್ತೆ ತಿರುವಿಹಾಕಬೇಕು!

ಆ ಗಣತಿಯಲ್ಲಿ ದುಡಿದಿದ್ದ ಹರ್ಮನ್ ಹಾಲರಿತ್ ಎಂಬ ತರುಣ ಎಂಜಿನಿಯರ್ ಇದಕ್ಕೊಂದು ಉಪಾಯ ಹುಡುಕಿದ. ಪ್ರತಿ ವ್ಯಕ್ತಿಗೂ ಒಂದು ಕಾರ್ಡು. ಲಿಂಗ, ವಯಸ್ಸು, ಜನ್ಮಸ್ಥಳ ಇತ್ಯಾದಿಗಳಿಗೆ ಗೊತ್ತಾದ ಜಾಗದಲ್ಲಿ ಒಂದೊಂದು ರಂಧ್ರ. ಕಾರ್ಡನ್ನು ಯಂತ್ರದಲ್ಲಿಟ್ಟು ಹಿಡಿಯನ್ನು ಒತ್ತಿದಾಗ ಸೂಜಿಗಳು ಕೆಳಗಿಳಿಯುತ್ತಿದ್ದವು. ರಂಧ್ರವಿದ್ದಲ್ಲಿ ಸೂಜಿ ಕೆಳಗಿನ ಪಾದರಸದ ಬಟ್ಟಲನ್ನು ಮುಟ್ಟಿ ವಿದ್ಯುತ್ ಹರಿದು, ಎಣಿಕೆಯ ಮುಳ್ಳು ಒಂದು ಹೆಜ್ಜೆ ಮುಂದೆ ಸರಿಯುತ್ತಿತ್ತು. ಎರಡು ರಂಧ್ರಗಳು ಒಟ್ಟಿಗೆ ಇದ್ದರೆ ಮಾತ್ರ ಎಣಿಸುವಂತೆಯೂ ತಂತಿಗಳನ್ನು ಜೋಡಿಸಬಹುದಾಗಿತ್ತು. 'ಸ್ತ್ರೀ' ಮತ್ತು 'ವಿವಾಹಿತೆ' ಎಂಬ ಎರಡು ಸೋಸಣೆಗಳನ್ನು ಇಂದು ಪರದೆಯ ಮೇಲೆ ಒಟ್ಟಿಗೆ ಆರಿಸುವುದೂ ಇದೇ ತರ್ಕವಲ್ಲವೇ? 1890ರ ಗಣತಿಗೆ ಮುನ್ನ ಮೂರು ವಿಧಾನಗಳ ನಡುವೆ ಪರೀಕ್ಷೆ ನಡೆಯಿತು. ಬಣ್ಣದ ಶಾಯಿ, ಬಣ್ಣದ ಕಾರ್ಡುಗಳನ್ನು ನಂಬಿದ ಪ್ರತಿಸ್ಪರ್ಧಿಗಳಿಗೆ ಕೋಷ್ಟಕ ತಯಾರಿಸಲು 55½ ಮತ್ತು 44½ ಗಂಟೆಗಳು ಹಿಡಿದವು. ಹಾಲರಿತನ ಯಂತ್ರಕ್ಕೆ ಹಿಡಿದದ್ದು 5½ ಗಂಟೆ.

ಅವನು 1896ರಲ್ಲಿ ಸ್ಥಾಪಿಸಿದ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ವಿಲೀನವಾಯಿತು. 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಮಾಹಿತಿಯನ್ನೆಲ್ಲ ಕೋಷ್ಟಕಗಳಾಗಿ ಕಾಣುವ ಸಿದ್ಧಾಂತವನ್ನು 1970ರಲ್ಲಿ ಮಂಡಿಸಿದ ಎಡ್ಗರ್ ಕಾಡ್ ಕೂಡ ಇದೇ ಐಬಿಎಂನವರು.

ಆದರೆ ಯಂತ್ರ ಸೋಸುವುದು ಮೊದಲೇ ಗೊತ್ತುಮಾಡಿದ ವರ್ಗಗಳನ್ನು ಮಾತ್ರ. 1890ರ ಗಣತಿಯಲ್ಲಿ ಕರಿಯರನ್ನು ರಕ್ತದ ಪಾಲು ನೋಡಿ ನಾಲ್ಕು ಹೆಸರುಗಳಲ್ಲಿ ವಿಂಗಡಿಸಲಾಗಿತ್ತು. ಎಂಟರಲ್ಲೊಂದು ಪಾಲಿಗೂ ಬೇರೊಂದು ಹೆಸರು! ಗಣತಿದಾರ ಮುಖ ನೋಡಿ ಬರೆದುಕೊಂಡದ್ದೇ ಕಾರ್ಡಿನ ರಂಧ್ರವಾಯಿತು. ಯಂತ್ರ ಅದನ್ನು ತಪ್ಪಿಲ್ಲದೆ ಎಣಿಸಿತು. ಅವುಗಳಲ್ಲಿ ಮೂರು ಹೆಸರುಗಳು ಮುಂದಿನ ಗಣತಿಯಲ್ಲಿ ಉಳಿಯಲೇ ಇಲ್ಲ.

ವರ್ಗವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1901ರ ಭಾರತದ ಗಣತಿಯಲ್ಲಿ ಯಂತ್ರವಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆದು ಕೈಯಿಂದಲೇ ವಿಂಗಡಿಸಿದರು. ಆಗ ಜಾತಿಯ ಪ್ರಶ್ನೆಯೂ ಇತ್ತು. 1951ರಿಂದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳನ್ನು ಬಿಟ್ಟು ಉಳಿದ ಜಾತಿಗಳ ಎಣಿಕೆ ನಿಂತಿತು. ಹಿಂದುಳಿದ ವರ್ಗಗಳ ಸಂಖ್ಯೆಯನ್ನು ಅಂದಾಜು ಮಾಡಬೇಕಾದ ಮಂಡಲ್ ಆಯೋಗ 1980ರ ತನ್ನ ವರದಿಗಾಗಿ ಅರ್ಧ ಶತಮಾನದಷ್ಟು ಹಳೆಯ, 1931ರ ಕೋಷ್ಟಕಗಳನ್ನೇ ತೆರೆಯಬೇಕಾಯಿತು.