ಎರಡನೆಯ ಕಾಫಿ

1976ರಲ್ಲಿ ನಾನು ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ದಿನ ತಂದೆಯವರು ಮನೆಮಂದಿಯನ್ನೆಲ್ಲ ಪೇಟೆಯ ಹೋಟೆಲಿಗೆ ಕರೆದೊಯ್ದರು. ಮಸಾಲೆ ದೋಸೆ, ಮೇಲೊಂದು ಕಾಫಿ. ನಮ್ಮ ಪಾಲಿಗೆ ಅದೇ ಹಬ್ಬ. ತಂದೆಯವರು ಮಾತ್ರ ಒಳಕೋಣೆಯನ್ನೇ ದಿಟ್ಟಿಸುತ್ತಿದ್ದರು. ಅವರ ಬಾಲ್ಯದಲ್ಲಿ ಅದರ ಬಾಗಿಲಿಗೆ ‘ಬ್ರಾಹ್ಮಣರಿಗೆ ಮಾತ್ರ’ ಎಂಬ ಫಲಕವಿತ್ತಂತೆ. ನಮ್ಮ ತಾತನಿಗೆ ಹೊರಜಗುಲಿಯಲ್ಲಿ, ಬೇರೆ ಲೋಟದಲ್ಲಿ ಕಾಫಿ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣ ಭಾರತದ ಅನೇಕ ಹೋಟೆಲುಗಳಲ್ಲಿ ಇಂತಹ ಪಂಕ್ತಿಭೇದವಿತ್ತು. ಹೊರಗೆ ಉಣ್ಣುವುದೇ ಮೈಲಿಗೆಯೆಂದು ನಂಬಿದ್ದ ಮಡಿವಂತರನ್ನು ಒಳಗೆ ಬರಮಾಡಿಕೊಳ್ಳಲು ಹೋಟೆಲಿನವರು ಕಂಡುಕೊಂಡ ಉಪಾಯವದು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು, ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸಾರಿತು. ಅಸ್ಪೃಶ್ಯತೆಯ ಹೆಸರಿನಲ್ಲಿ ಹಾಗೆ ತಡೆಯುವುದನ್ನು 1955ರ ಕಾಯ್ದೆ ಶಿಕ್ಷಾರ್ಹ ಅಪರಾಧವಾಗಿಸಿತು.

ಅಂದು ದೋಸೆ ಮುಗಿದ ಮೇಲೆ ತಂದೆಯವರು ಎದ್ದು, “ಬನ್ನಿ, ಒಳಗೆ ಕೂರೋಣ” ಎಂದು ಆ ಕೋಣೆಗೆ ನಡೆದರು. ಮಾಣಿ ಅಚ್ಚರಿಯಿಂದ ನೋಡುತ್ತಿದ್ದಂತೆ ಎಲ್ಲರಿಗೂ ಮತ್ತೊಮ್ಮೆ ಕಾಫಿ ಹೇಳಿದರು. ದುಡ್ಡಿನಲ್ಲಿ ಅಷ್ಟು ಬಿಗಿಯಾಗಿದ್ದವರು ಹಾಗೇಕೆ ಮಾಡಿದರೆಂದು ಆಗ ತಿಳಿಯಲಿಲ್ಲ. ಮುಂದೆ ಮೇಷ್ಟರಾಗಿ 15ನೆಯ ವಿಧಿಯನ್ನು ಬೋಧಿಸಿದಾಗಲೆಲ್ಲ ಆ ಎರಡನೆಯ ಕಾಫಿ ನೆನಪಾಗುತ್ತಿತ್ತು.