ಒಂದೇ ಕಂತು, ಎರಡು ಭರವಸೆ: ಕಡೂರು ಸೀಮೆಯ ರಾಗಿ ವಿಮೆಯ ಲೆಕ್ಕ

ಕವಿ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರು ಇರುವುದು ಕಡೂರು ತಾಲ್ಲೂಕಿನಲ್ಲಿ. ಜಿಲ್ಲೆ ಮಲೆನಾಡಿನದಾದರೂ ಈ ತಾಲ್ಲೂಕು ಬಯಲುಸೀಮೆ. ಬಾಬಾಬುಡನ್‌ಗಿರಿಯ ಮರೆಗೆ ಬಿದ್ದ ಈ ನೆಲಕ್ಕೆ ಬರ ಹೊಸದಲ್ಲ. ಇಂಥ ಕಡೆ ಬೆಳೆಗೆ ವಿಮೆ ಮಾಡುವುದು ಹೇಗೆ ಎಂಬ ಪ್ರಶ್ನೆಯನ್ನು ಮೈಸೂರು ಸಂಸ್ಥಾನದಲ್ಲಿ 1915ರಲ್ಲೇ ಎತ್ತಿದವರು ಜೆ.ಎಸ್. ಚಕ್ರವರ್ತಿ. ಒಬ್ಬೊಬ್ಬ ರೈತನ ನಷ್ಟ ಅಳೆಯುವ ಬದಲು ಆಯಾ ಪ್ರದೇಶದ ಮಳೆಯ ಕೊರತೆಯನ್ನೇ ಪರಿಹಾರಕ್ಕೆ ಆಧಾರವಾಗಿಸಬೇಕೆಂದ ಅವರ ಯೋಜನೆ 1920ರಲ್ಲಿ ಪುಸ್ತಕವಾಯಿತು. ಕಾಲಕ್ಕಿಂತ ಬಹಳ ಮುಂದಿದ್ದ ಚಿಂತನೆ ಅದು.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ರಾಗಿಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ. 2ಕ್ಕೆ ಮೀರದು. ಇದು ಅಪಾಯದ ಪೂರ್ತಿ ಬೆಲೆಯಲ್ಲ. ಹೆಕ್ಟೇರಿಗೆ 40,000 ರೂ. ವಿಮೆಯಿದ್ದು, ಹಲವು ವರ್ಷಗಳ ಸರಾಸರಿಯಲ್ಲಿ ಅದರ ಶೇ. 10ರಷ್ಟು ಪರಿಹಾರ ಕೊಡಬೇಕಾಗುತ್ತದೆ ಎಂದಿಟ್ಟುಕೊಳ್ಳೋಣ. ಆಡಳಿತ ವೆಚ್ಚ ಬಿಟ್ಟರೂ ಕಂತು 4,000 ರೂ. ಆಗಬೇಕು. ರೈತನ 800 ರೂ. ಕಳೆದು ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸಮನಾಗಿ ತುಂಬುತ್ತವೆ.

ತೊಡಕಿರುವುದು ಪ್ರಾರಂಭಿಕ ಇಳುವರಿಯಲ್ಲಿ, ಅಂದರೆ ಇಳುವರಿ ಯಾವ ಮಟ್ಟಕ್ಕಿಂತ ಕಡಿಮೆಯಾದರೆ ಪರಿಹಾರ ಸಿಗುತ್ತದೋ ಆ ಮಟ್ಟದಲ್ಲಿ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯನ್ನು ಶೇ. 70, 80 ಅಥವಾ 90ರ ಭರವಸೆ ಮಟ್ಟದಿಂದ ಗುಣಿಸಿ ಅದನ್ನು ನಿಗದಿ ಮಾಡುತ್ತಾರೆ. ಅಪಾಯ ಹೆಚ್ಚಿರುವ ಕಡೆಗೆ ಶೇ. 70, ಕಡಿಮೆಯಿರುವ ಕಡೆಗೆ ಶೇ. 90 ಎಂಬುದು ಯೋಜನೆಯ ಮೂಲ ಏರ್ಪಾಡು. ಸರಾಸರಿ 10 ಕ್ವಿಂಟಲ್ ಇದ್ದು, ಪಂಚಾಯಿತಿಯ ಬೆಳೆ ಕಟಾವು ಪ್ರಯೋಗದಲ್ಲಿ 6 ಕ್ವಿಂಟಲ್ ಸಿಕ್ಕಿತೆನ್ನೋಣ. ಶೇ. 90ರ ಊರಿನಲ್ಲಿ 9 ಕ್ವಿಂಟಲಿಗೆ 3 ಕೊರತೆ. ಪರಿಹಾರ 13,333 ರೂ. ಶೇ. 70ರ ಊರಿನಲ್ಲಿ 7ಕ್ಕೆ 1 ಕೊರತೆ, 5,714 ರೂ. ಇಬ್ಬರೂ ಕಟ್ಟಿದ್ದು ಅದೇ 800.

ಅಲ್ಲದೆ 7 ವರ್ಷಗಳಲ್ಲಿ 3 ಬರ ಬಂದರೆ ಒಂದು ಬರದ ವರ್ಷವಾದರೂ ಸರಾಸರಿಯೊಳಗೆ ಸೇರಿ ಅದನ್ನು ಕೆಳಗೆಳೆಯುತ್ತದೆ. ಹೀಗೆ ಪದೇ ಪದೇ ಬರ ಕಂಡ ನೆಲಕ್ಕೆ ಮುಂದಿನ ಬರದ ರಕ್ಷಣೆ ತೆಳುವಾಗುತ್ತದೆ. ಕಡೂರಿನಂಥ ತಾಲ್ಲೂಕುಗಳ ಮಳೆಯಾಶ್ರಿತ ರಾಗಿಗೆ ಶೇ. 90ರ ಮಟ್ಟವನ್ನೇ ಕೊಡುವುದು ನ್ಯಾಯ. ಅದರಿಂದ ಪೂರ್ಣ ಕಂತು ಏರುತ್ತದೆ, ನಿಜ. ಆದರೆ ರೈತನ ಪಾಲು ಶೇ. 2ಕ್ಕೇ ನಿಲ್ಲುವುದರಿಂದ ಹೆಚ್ಚಿನ ಹೊರೆ ಸರ್ಕಾರಗಳ ಸಹಾಯಧನದ ಮೇಲೆ ಬೀಳುತ್ತದೆ.